ಸವಾಯಿ ಜಯಸಿಂಹನೂ ಆಕಾಶದ ಅಳತೆಯೂ

ಕಳೆದ ಫೆಬ್ರವರಿ ತಿಂಗಳ ಎರಡನೆಯ ವಾರದಲ್ಲಿ ನಾವು ನಮ್ಮ ಎಂಟನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಸಂಸತ್ ಮಾರ್ಗದಲ್ಲಿರುವ ಜಂತರ್ ಮಂತರಿಗೆ ಹೋಗಿದ್ದೆವು. ಚಳಿ ಇಳಿಮುಖವಾಗಿದ್ದಿತು, ಬಿಸಿಲು ಹಿತವಾಗಿದ್ದಿತು. ಅಲ್ಲಿಯ ಸಮ್ರಾಟ್ ಯಂತ್ರದೆದುರು ನಿಂತು, ಅದು ನೆರಳಿನಿಂದ ಹೊತ್ತನ್ನು ತಿಳಿಸುವ ಗಡಿಯಾರವೆಂದೂ, ನಡುಹಗಲಿನವರೆಗೆ ನೆರಳು ಪಶ್ಚಿಮದ ಕಮಾನಿನ ಮೇಲೆ, ಅನಂತರ ಪೂರ್ವದ ಕಮಾನಿನ ಮೇಲೆ ಬೀಳುವುದೆಂದೂ ವಿವರಿಸಿದೆವು. ಕೈಗಡಿಯಾರ ಕಟ್ಟಿಕೊಂಡಿದ್ದ ಹುಡುಗನೊಬ್ಬನು ಸರಿಯಾಗಿ ಹನ್ನೆರಡು ಗಂಟೆಗೆ ನೋಡಿದಾಗ ನೆರಳು ಇನ್ನೂ ಪಶ್ಚಿಮದ ಕಮಾನಿನ ಮೇಲೆಯೇ ಇದ್ದಿತು. ಯಂತ್ರವು ಕೆಟ್ಟುಹೋಗಿದೆಯೆಂದು ಆತನು ತೀರ್ಮಾನ ಕೊಟ್ಟುಬಿಟ್ಟನು. ನಮಗೂ ಆ ಕ್ಷಣದಲ್ಲಿ ಉತ್ತರ ಹೊಳೆಯಲಿಲ್ಲವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಎಲ್ಲರೂ ಕಾದು ನಿಂತೆವು. ನೆರಳು ಆ ಕಮಾನನ್ನು ಬಿಟ್ಟಾಗ ಗಡಿಯಾರದಲ್ಲಿ ಹನ್ನೆರಡು ಗಂಟೆ ಮೂವತ್ತೈದು ನಿಮಿಷವಾಗಿದ್ದಿತು.

ಮನೆಗೆ ಬಂದು ಲೆಕ್ಕ ಹಾಕಿದಾಗ ವಿಷಯ ಸ್ಪಷ್ಟವಾಯಿತು. ಕೆಟ್ಟಿದ್ದುದು ಯಂತ್ರವೂ ಅಲ್ಲ, ಗಡಿಯಾರವೂ ಅಲ್ಲ. ನಮ್ಮ ಗಡಿಯಾರಗಳು ತೋರಿಸುವುದು ಪೂರ್ವ ರೇಖಾಂಶ 82 ಡಿಗ್ರಿ 30 ಮಿನಿಟಿನ ಹೊತ್ತು, ದೇಶಕ್ಕೆಲ್ಲ ಅದೊಂದೇ. ದೆಹಲಿಯಾದರೋ 77 ಡಿಗ್ರಿ 13 ಮಿನಿಟಿನಲ್ಲಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಇಲ್ಲಿಯ ಸೂರ್ಯನು ಗಡಿಯಾರಕ್ಕಿಂತ ಸುಮಾರು 21 ನಿಮಿಷ ಹಿಂದೆ. ಭೂಮಿಯ ಪಥ ಮತ್ತು ಓರೆಯ ಕಾರಣದಿಂದ ಫೆಬ್ರವರಿಯಲ್ಲಿ ಇನ್ನೂ 14 ನಿಮಿಷ ತಡ. ನವೆಂಬರ್ ಮೊದಲ ವಾರದಲ್ಲಿ ಹೋಗಿದ್ದರೆ ಅಂತರವು ಕೇವಲ 5 ನಿಮಿಷವಾಗುತ್ತಿತ್ತು. ಗಡಿಯಾರವು ದೇಶದ ಮಾತನ್ನಾಡುತ್ತಿತ್ತು. ನೆರಳು ತಾನು ನಿಂತ ನೆಲದ ಮಾತನ್ನಾಡುತ್ತಿತ್ತು. ಇಂತಹ ಯಂತ್ರವನ್ನು ಮುನ್ನೂರು ವರ್ಷಗಳ ಹಿಂದೆ ಕಟ್ಟಿಸಿದ ಮಹನೀಯನ ಚರಿತ್ರೆಯನ್ನು ನಮ್ಮ ಶಾಲೆಯ ಮಕ್ಕಳು ತಿಳಿದಿರಬೇಕೆಂದು ನಮಗೆ ಅಂದೇ ಅನಿಸಿತು.

ಆತನೇ ಅಂಬೇರದ ಅರಸು ಎರಡನೆಯ ಜಯಸಿಂಹ. ಆತನು ಹುಟ್ಟಿದುದು 1688ನೆಯ ಇಸವಿ ನವೆಂಬರ್ 3ರಂದು. ಅದರ ಹಿಂದಿನ ವರ್ಷವಷ್ಟೇ ಇಂಗ್ಲೆಂಡಿನಲ್ಲಿ ನ್ಯೂಟನ್ ಮಹಾಶಯನು ಗುರುತ್ವಾಕರ್ಷಣೆಯ ನಿಯಮವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದ್ದನು. ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ಇದರ ಅಗತ್ಯ ಬೀಳುವುದು. ತಂದೆ ಬಿಷನಸಿಂಹನು ತೀರಿಕೊಂಡುದರಿಂದ ಬಾಲಕನು ಹನ್ನೊಂದನೆಯ ವಯಸ್ಸಿನಲ್ಲಿಯೇ ಪಟ್ಟವೇರಬೇಕಾಯಿತು. ಔರಂಗಜೇಬ್ ಬಾದಶಹನ ಎದುರಿಗೆ ಆತನು ಮೊದಲ ಬಾರಿ ನಿಂತ ಸಂದರ್ಭದ ಬಗೆಗೆ ಒಂದು ಐತಿಹ್ಯವುಂಟು. ಬಾದಶಹನು ಹುಡುಗನ ಎರಡು ಕೈಗಳನ್ನೂ ಹಿಡಿದು, ಇನ್ನೇನು ಮಾಡುವೆಯೆಂದು ಕೇಳಿದನಂತೆ. ಮದುವೆಯಲ್ಲಿ ಒಂದು ಕೈ ಹಿಡಿದ ಗಂಡನೇ ಜೀವನವಿಡೀ ಕಾಪಾಡುವನೆಂದ ಮೇಲೆ, ಬಾದಶಹರು ಎರಡು ಕೈಗಳನ್ನೂ ಹಿಡಿದಿರುವಾಗ ತನಗೆ ಭಯವೆಲ್ಲಿಯದೆಂದು ಹುಡುಗನು ಉತ್ತರವಿತ್ತನಂತೆ. ಇತರರಿಗಿಂತ ಕಾಲು ಭಾಗ ಹೆಚ್ಚಿನವನೆಂಬ ಅರ್ಥದಲ್ಲಿ ಆತನಿಗೆ ಸವಾಯಿ, ಎಂದರೆ ಒಂದೂಕಾಲು, ಎಂಬ ಬಿರುದು ದೊರೆಯಿತು. ಹದಿಮೂರು ಹದಿನಾಲ್ಕರ ಎಳೆವಯಸ್ಸಿನಲ್ಲಿಯೇ ಆತನು ದಕ್ಷಿಣಕ್ಕೆ ಬಂದು, ಖೇಲ್ನಾ ಎಂದರೆ ವಿಶಾಲಗಡದ ಮುತ್ತಿಗೆಯಲ್ಲಿ ಪಾಲ್ಗೊಂಡನು.

ಆತನ ರಾಜ್ಯಭಾರವು ಹೂವಿನ ಹಾಸಿಗೆಯಾಗಿರಲಿಲ್ಲ. 1707ರಲ್ಲಿ ಔರಂಗಜೇಬನು ಮೃತನಾದ ಮೇಲೆ ಸಿಂಹಾಸನಕ್ಕಾಗಿ ಕದನ ನಡೆದಾಗ ಜಯಸಿಂಹನು ಸೋತ ಪಕ್ಷದಲ್ಲಿದ್ದನು. ಹೊಸ ಬಾದಶಹನು ಅಂಬೇರವನ್ನೇ ಕಿತ್ತುಕೊಂಡನು. ಮೇವಾಡ ಮತ್ತು ಮಾರವಾಡದ ಅರಸರೊಡನೆ ಕೂಡಿ 1708ರಲ್ಲಿ ಆತನು ಅದನ್ನು ಮರಳಿ ಪಡೆದನು. ಮುಂದೆ ಮಾಳವದ ಸುಭೇದಾರನಾಗಿ, ಆಗ್ರಾದ ಸುಭೇದಾರನಾಗಿ ದುಡಿದನು. ದೆಹಲಿಯ ಪ್ರಭುತ್ವವು ದಿನದಿನಕ್ಕೆ ಕುಸಿಯುತ್ತಿದ್ದ ಕಾಲವದು. ಅಂತಹ ಗೊಂದಲದ ನಡುವೆಯೂ ಆತನ ಮನಸ್ಸು ಆಕಾಶದಲ್ಲಿ ನೆಟ್ಟಿದ್ದಿತೆಂಬುದೇ ಆಶ್ಚರ್ಯದ ಸಂಗತಿ.

ಆತನಿಗೆ ಜ್ಯೋತಿಶ್ಶಾಸ್ತ್ರದಲ್ಲಿ ನೆರವಾದ ವಿದ್ವಾಂಸರಲ್ಲಿ ಜಗನ್ನಾಥ ಸಮ್ರಾಟನು ಪ್ರಮುಖನು. ಈ ಪಂಡಿತನು ಅರಬ್ಬೀ ಭಾಷೆಯ ಮೂಲಕ ಟಾಲೆಮಿಯ ಖಗೋಲ ಗ್ರಂಥವನ್ನೂ ಯೂಕ್ಲಿಡನ ರೇಖಾಗಣಿತವನ್ನೂ ಸಂಸ್ಕೃತಕ್ಕೆ ತಂದನು. ಹಿಂದೂ ಸಿದ್ಧಾಂತಿಗಳೂ ಮುಸಲ್ಮಾನ ವಿದ್ವಾಂಸರೂ ಪಾಶ್ಚಾತ್ಯ ಪಾದ್ರಿಗಳೂ ಜಯಸಿಂಹನ ಸಭೆಯಲ್ಲಿ ಒಟ್ಟಿಗೆ ಕೂಡುತ್ತಿದ್ದರು. ಜ್ಞಾನವು ಯಾವ ದಿಕ್ಕಿನಿಂದ ಬಂದರೂ ಆತನಿಗೆ ಸಮ್ಮತವೇ. ಆದರೆ ಪರೀಕ್ಷಿಸದೆ ಒಪ್ಪುವ ಸ್ವಭಾವ ಆತನದಾಗಿರಲಿಲ್ಲ.

ಆ ಕಾಲದಲ್ಲಿ ಗ್ರಹಣ, ಗ್ರಹಗಳ ಉದಯಾಸ್ತ, ಚಂದ್ರದರ್ಶನ ಮೊದಲಾದುವನ್ನು ಹಳೆಯ ಕೋಷ್ಟಕಗಳಿಂದ ಗುಣಿಸುತ್ತಿದ್ದರು. ನಮ್ಮ ಸಿದ್ಧಾಂತಗ್ರಂಥಗಳ ಲೆಕ್ಕ ಒಂದು, ಸಮರಖಂಡದಲ್ಲಿ ಉಲೂಘ್ ಬೇಗನು ಹದಿನೈದನೆಯ ಶತಮಾನದಲ್ಲಿ ರಚಿಸಿದ ಕೋಷ್ಟಕದ ಲೆಕ್ಕ ಮತ್ತೊಂದು, ಕಣ್ಣಿಗೆ ಕಾಣುವುದು ಮೂರನೆಯದು. ಹಬ್ಬ ಹರಿದಿನಗಳಿಂದ ಹಿಡಿದು ದಂಡಯಾತ್ರೆಯ ಮುಹೂರ್ತದವರೆಗೆ ಎಲ್ಲವೂ ಈ ಲೆಕ್ಕವನ್ನೇ ನಂಬಿಕೊಂಡಿದ್ದವು. ಕೊರತೆಯನ್ನು ಜಯಸಿಂಹನು ಮುಹಮ್ಮದ್ ಶಾಹ್ ಬಾದಶಹನಿಗೆ ಅರಿಕೆ ಮಾಡಿಕೊಂಡು ಹೊಸ ವೇಧೆಗಳಿಗೆ ಅಪ್ಪಣೆ ಪಡೆದನು.

ಮೊದಲು ಆತನು ಸಮರಖಂಡದ ಮಾದರಿಯಂತೆ ಹಿತ್ತಾಳೆಯ ಯಂತ್ರಗಳನ್ನು ಮಾಡಿಸಿದನು. ಅವು ಚಿಕ್ಕವು, ಅಚ್ಚುಗಳು ಸವೆದು ಅಲುಗಾಡುತ್ತಿದ್ದವು, ಗೆರೆಗಳು ಒತ್ತೊತ್ತಾಗಿ ಕಣ್ಣಿಗೆ ನಿಲುಕುತ್ತಿರಲಿಲ್ಲ. ಅಲುಗದ ಯಂತ್ರ ಬೇಕಾದರೆ ಕಲ್ಲು ಗಾರೆಗಳಿಂದಲೇ ಕಟ್ಟಬೇಕೆಂದು ಆತನು ನಿಶ್ಚಯಿಸಿದನು. ಅದರ ಫಲವೇ ದೆಹಲಿಯ ವೇಧಶಾಲೆ. ಅಲ್ಲಿ 1910ರಲ್ಲಿ ಹಾಕಿದ ಒಂದು ಶಿಲಾಫಲಕವು ಅದನ್ನು 1710ರ ಕಟ್ಟಡವೆಂದು ಹೇಳುತ್ತದೆ, ಅದು ತಪ್ಪು. ಅದು ಪೂರ್ಣಗೊಂಡುದು 1724ರಲ್ಲಿ ಎಂಬುದು ವಿದ್ವಾಂಸರ ನಿರ್ಣಯ. ಕಲ್ಲಿನಲ್ಲಿ ಕೆತ್ತಿದ ಮಾತನ್ನೂ ಪರೀಕ್ಷಿಸಬೇಕೆಂಬ ಪಾಠವು ಅಲ್ಲಿಯೇ ಇದೆಯಲ್ಲವೇ!

ಸಮ್ರಾಟ್ ಯಂತ್ರವು ಸುಮಾರು 70 ಅಡಿ ಎತ್ತರದ ತ್ರಿಕೋಣಾಕಾರದ ಗೋಡೆ. ಅದರ ಓರೆಯಾದ ಅಂಚು ನೇರವಾಗಿ ಉತ್ತರ ಧ್ರುವದತ್ತ ಬೆರಳು ಮಾಡಿದೆ. ಎರಡು ಪಕ್ಕಗಳಲ್ಲಿ ವೃತ್ತದ ಕಾಲುಭಾಗದಂತಿರುವ ಕಮಾನುಗಳು. ಸೂರ್ಯನು ಸರಿದಂತೆ ಅಂಚಿನ ನೆರಳು ಕಮಾನಿನ ಮೇಲೆ ಸಮವೇಗದಿಂದ ಸರಿಯುತ್ತದೆ. ಈ ಸಮವೇಗಕ್ಕೆ ಕಾರಣವೇನೆಂದರೆ ಗೋಡೆಯ ಓರೆಯು ದೆಹಲಿಯ ಅಕ್ಷಾಂಶವಾದ 28 ಡಿಗ್ರಿ 37 ಮಿನಿಟಿಗೆ ಸಮನಾಗಿರುವುದು. ಹಾಗಿರುವುದರಿಂದ ಆ ಅಂಚು ಭೂಮಿಯ ಅಕ್ಷಕ್ಕೆ ಸಮಾಂತರವಾಗಿದೆ. ಇದೇ ಗೋಡೆಯನ್ನು ಯಾರಾದರೂ ಎತ್ತಿಕೊಂಡು ಹೋಗಿ ಬೆಂಗಳೂರಿನಲ್ಲಿ ನಿಲ್ಲಿಸಿದರೆ ಅದು ಸುಳ್ಳು ಹೇಳತೊಡಗುವುದು. ಬೆಂಗಳೂರಿಗೆ ಬೇಕಾದ ಓರೆ ಸುಮಾರು 13 ಡಿಗ್ರಿ ಮಾತ್ರ. ಜಯಸಿಂಹನ ಯಂತ್ರವು ತನ್ನ ಊರಿಗೆ ಪರಮ ಸತ್ಯ, ಪರ ಊರಿಗೆ ಅಸತ್ಯ. ಅದರ ಬಲವೂ ಮಿತಿಯೂ ಇದೊಂದರಲ್ಲಿಯೇ ಅಡಗಿವೆ.

ಈ ಮಿತಿಯನ್ನು ಆತನು ಅರಿಯದವನಲ್ಲ. ಒಂದೆಡೆ ನೋಡಿದುದನ್ನು ಬೇರೆಡೆಯಿಂದಲೂ ನೋಡಿ ತಾಳೆ ಹಾಕದೆ ನಂಬಲಾಗದೆಂದು ಬಗೆದು, ಜಯಪುರ, ಉಜ್ಜಯಿನಿ, ಮಥುರಾ, ಕಾಶಿಗಳಲ್ಲಿಯೂ ವೇಧಶಾಲೆಗಳನ್ನು ಕಟ್ಟಿಸಿದನು. ಪ್ರತಿಯೊಂದೂ ತನ್ನ ಸ್ಥಳಕ್ಕೆ ಹೊಂದಿಸಿದುದು. ಐದೂ ಕೂಡಿದರೆ ಒಂದು ದೇಶದ ಕಣ್ಣು. ಜಯಪುರವಾದರೋ ಆತನೇ 1727ರಲ್ಲಿ ಹಾಕಿಸಿದ ಹೊಸ ನಗರ. ಬಂಗಾಳದ ವಿದ್ಯಾಧರನ ನೆರವಿನಿಂದ ನೂಲು ಹಿಡಿದಂತೆ ನೇರವಾದ ಬೀದಿಗಳನ್ನು ಹೊಂದಿಸಿ ಕಟ್ಟಿಸಿದುದು. ಅಲ್ಲಿಯ ಸಮ್ರಾಟ್ ಯಂತ್ರವು ದೆಹಲಿಯದಕ್ಕಿಂತಲೂ ದೊಡ್ಡದು, ಸುಮಾರು 90 ಅಡಿ; ಅದರ ಗೆರೆಗಳು ಎರಡು ಸೆಕೆಂಡುಗಳಷ್ಟು ಸೂಕ್ಷ್ಮ.

ದೆಹಲಿಯಲ್ಲಿ ವರ್ಷಗಟ್ಟಲೆ ನಡೆಸಿದ ವೇಧೆಗಳ ಫಲವಾಗಿ ಪಾರಸಿಯಲ್ಲಿ ಒಂದು ಕೋಷ್ಟಕಗ್ರಂಥವು ಸಿದ್ಧವಾಯಿತು. ಬಾದಶಹನ ಹೆಸರಿನಲ್ಲಿ ಅದಕ್ಕೆ ಜೀಜ್ ಮುಹಮ್ಮದ್ ಶಾಹೀ ಎಂದು ಹೆಸರಿಟ್ಟರು. ಅಷ್ಟಕ್ಕೇ ತೃಪ್ತಿಪಟ್ಟಿದ್ದರೆ ಜಯಸಿಂಹನನ್ನು ನಾವು ಇಷ್ಟಾಗಿ ನೆನೆಯಬೇಕಾಗಿರಲಿಲ್ಲ. ಯೂರೋಪಿನಲ್ಲಿಯೂ ಇಂತಹ ಕಾರ್ಯ ನಡೆದಿದೆಯೆಂದು ಕೇಳಿ ಆತನು ಮಾನುಯೆಲ್ ದೆ ಫಿಗೆರೆದೊ ಎಂಬ ಪಾದ್ರಿಯ ಮುಂದಾಳುತನದಲ್ಲಿ ಒಂದು ನಿಯೋಗವನ್ನು ಪೋರ್ಚುಗಲ್ಲಿಗೆ ಕಳುಹಿಸಿದನು. ಹಡಗಿನ ಮೇಲೆ ತಿಂಗಳುಗಟ್ಟಲೆ ಪಯಣ ಮಾಡಿ ಆ ತಂಡವು 1729ರಲ್ಲಿ ಲಿಸ್ಬನ್ ನಗರವನ್ನು ಮುಟ್ಟಿ, ಫ್ರಾನ್ಸಿನ ಲಾ ಈರ್ ಎಂಬ ಖಗೋಲಜ್ಞನ ಕೋಷ್ಟಕಗಳನ್ನು ತಂದಿತು. ಜಯಸಿಂಹನು ಅವುಗಳನ್ನು ತನ್ನ ಕಲ್ಲಿನ ಯಂತ್ರಗಳ ಎದುರಿಗಿಟ್ಟು ಒರೆಗೆ ಹಚ್ಚಿದನು. ಚಂದ್ರನ ಸ್ಥಾನದಲ್ಲಿ ಅರ್ಧ ಡಿಗ್ರಿಯಷ್ಟು ತಪ್ಪು ಕಂಡಿತು. ಅದು ಚಂದ್ರಬಿಂಬದ ಅಗಲದಷ್ಟು. ಗ್ರಹಣದ ಹೊತ್ತಿನಲ್ಲಿಯೂ ಅಂತರ ಬಂದಿತು. ಪರದೇಶದ ವಿದ್ಯೆಯೆಂದು ಆತನು ಅದನ್ನು ತಿರಸ್ಕರಿಸಲೂ ಇಲ್ಲ, ತಲೆಯ ಮೇಲೆ ಹೊರಲೂ ಇಲ್ಲ. ತನ್ನದಾದ ಅಳತೆಗೋಲೊಂದು ಕೈಯಲ್ಲಿದ್ದುದರಿಂದ ಅಲ್ಲವೇ ಇದು ಸಾಧ್ಯವಾದುದು?

ಆದರೆ ಚರಿತ್ರೆಯನ್ನು ಬರೆಯುವಾಗ ಕುಂದನ್ನೂ ಹೇಳಬೇಕು. ಆ ತಪ್ಪಿಗೆ ಕಾರಣವು ಯೂರೋಪಿನವರ ಯಂತ್ರಗಳು ಚಿಕ್ಕವಾಗಿರುವುದೇ ಎಂದು ಜಯಸಿಂಹನು ಬಗೆದನು. ಯಂತ್ರವನ್ನು ದೊಡ್ಡದು ಮಾಡಿದಷ್ಟೂ ಸತ್ಯ ಸಮೀಪಿಸುವುದೆಂಬ ನಂಬಿಕೆ ಆತನದು. ಸೂರ್ಯನು ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ಬಿಂಬ. ಆದುದರಿಂದ ನೆರಳಿನ ಅಂಚು ಯಾವಾಗಲೂ ಮಸುಕಾಗಿಯೇ ಇರುತ್ತದೆ. ಗೋಡೆ ಬೆಳೆದಂತೆ ಮಸುಕೂ ಬೆಳೆಯುತ್ತದೆ. ಅದನ್ನು ದಾಟುವ ದಾರಿ ದೂರದರ್ಶಕ. ಜಯಸಿಂಹನ ಬಳಿ ದೂರದರ್ಶಕವಿದ್ದಿತು. ಅದರಿಂದ ಗುರುವಿನ ಚಂದ್ರರನ್ನು ನೋಡಿಯೂ ಇದ್ದನು. ಆದರೆ ಅದನ್ನು ಅಳತೆಯ ಯಂತ್ರಕ್ಕೆ ಜೋಡಿಸಲಿಲ್ಲ. ಆತನು ಹುಟ್ಟುವ ಮೊದಲೇ ಅಚ್ಚಾಗಿದ್ದ ನ್ಯೂಟನ್ನನ ಗ್ರಂಥವೂ ಆತನ ಕೆಲಸಕ್ಕೆ ಒದಗಲಿಲ್ಲ. ಆತನ ಬಳಿಗೆ ಬಂದ ಪಾದ್ರಿಗಳ ಧರ್ಮಪೀಠವು ಸೂರ್ಯನ ಸುತ್ತ ಭೂಮಿ ತಿರುಗುವುದೆಂಬ ಕೊಪರ್ನಿಕಸನ ಗ್ರಂಥವನ್ನು ಅಂದು ನಿಷೇಧಿಸಿದ್ದಿತೆಂಬುದನ್ನೂ ಇಲ್ಲಿ ನೆನೆಯಬೇಕು.

ಇನ್ನೊಂದು ಕಾರಣವೂ ಉಂಟು. ಔರಂಗಜೇಬನು ಸತ್ತ ಅದೇ 1707ರಲ್ಲಿ ಇಂಗ್ಲೆಂಡಿನ ನಾಲ್ಕು ಯುದ್ಧನೌಕೆಗಳು ತಾವಿರುವ ಸ್ಥಳವನ್ನು ತಪ್ಪಾಗಿ ತಿಳಿದು ಸಿಲ್ಲಿ ದ್ವೀಪಗಳ ಬಂಡೆಗಳಿಗೆ ಬಡಿದು ಮುಳುಗಿದವು. ಸಾವಿರಕ್ಕೂ ಹೆಚ್ಚು ನಾವಿಕರು ನೀರುಪಾಲಾದರು. ಸಮುದ್ರದಲ್ಲಿ ರೇಖಾಂಶವನ್ನು ಕಂಡುಹಿಡಿಯುವ ಉಪಾಯಕ್ಕೆ 1714ರಲ್ಲಿ ಅಲ್ಲಿಯ ಪಾರ್ಲಿಮೆಂಟು 20,000 ಪೌಂಡುಗಳವರೆಗಿನ ಬಹುಮಾನವನ್ನು ಸಾರಿತು. ಹೊತ್ತು ತಿಳಿದರೆ ಸ್ಥಳ ತಿಳಿಯುವುದಷ್ಟೆ. ಒಬ್ಬರು ಕೆಡದ ಗಡಿಯಾರಕ್ಕಾಗಿ, ಮತ್ತೊಬ್ಬರು ಚಂದ್ರನ ಸರಿಯಾದ ಕೋಷ್ಟಕಕ್ಕಾಗಿ ಶ್ರಮಿಸಿದರು. ಜಯಸಿಂಹನು ಹಿಡಿದ ಚಂದ್ರನ ತಪ್ಪನ್ನು ಅವರೂ ಮುಂದೆ ತಿದ್ದಿಕೊಂಡರು. ಅಲ್ಲಿ ಆಕಾಶದ ಲೆಕ್ಕವು ಹಡಗಿನ ಹುಟ್ಟಿಗೆ ಬೆಸೆದುಕೊಂಡಿದ್ದಿತು. ಇಲ್ಲಿ ಅದು ಪಂಚಾಂಗಕ್ಕೂ ಒಬ್ಬ ಅರಸನ ಆಸಕ್ತಿಗೂ ಮಾತ್ರ ಸೀಮಿತವಾಗಿದ್ದಿತು.

1739ರಲ್ಲಿ ನಾದಿರ್ ಶಾಹನು ದೆಹಲಿಯನ್ನು ಸೂರೆಗೊಂಡನು. 1743ನೆಯ ಇಸವಿ ಸೆಪ್ಟೆಂಬರ್ 21ರಂದು ಜಯಸಿಂಹನು ತನ್ನ 54ನೆಯ ವಯಸ್ಸಿನಲ್ಲಿ ಜಯಪುರದಲ್ಲಿ ಕಾಲವಶನಾದನು. ಮಕ್ಕಳಲ್ಲಿ ಪಟ್ಟಕ್ಕಾಗಿ ಕಲಹ ಹುಟ್ಟಿತು. ವೇಧೆ ನಡೆಸುತ್ತಿದ್ದ ವಿದ್ವಾಂಸರು ಚದುರಿದರು. ಮಥುರೆಯ ವೇಧಶಾಲೆಯಂತೂ ಗುರುತಿಲ್ಲದಂತೆ ಅಳಿದುಹೋಯಿತು. ದೆಹಲಿಯದು ಹಾಳುಬಿದ್ದು, ಮುಂದೆ ಜಯಪುರದ ಅರಸರಿಂದ ದುರಸ್ತಿ ಕಂಡಿತು. ಜಯಪುರದ ವೇಧಶಾಲೆಯು 2010ರಲ್ಲಿ ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿತು. ಕಲ್ಲು ಉಳಿಯಿತು, ಕಲ್ಲನ್ನು ಓದುವವರು ಉಳಿಯಲಿಲ್ಲ. ಅಳತೆಯ ಕೆಲಸವನ್ನು ತಲೆಯಿಂದ ತಲೆಗೆ ದಾಟಿಸುವ ಒಂದು ಪಾಠಶಾಲೆಯು ಅರಸನ ಆಯುಷ್ಯವನ್ನು ಮೀರಿ ಬಾಳಲಿಲ್ಲವೆಂಬುದೇ ಆತನ ಜೀವನದ ದುಃಖವೆಂದು ನಮಗೆ ತೋರುತ್ತದೆ.

ಇದೆಲ್ಲ ಹಳೆಯ ಕಥೆಯೆಂದು ತಿಳಿಯಬೇಡಿ. ನಿಮ್ಮ ಮನೆಗಳಲ್ಲಿರುವ ಫೋನು ಈಗ ದಾರಿ ತೋರಿಸುತ್ತದೆಯಷ್ಟೆ. ಅದೂ ಹೊತ್ತಿನಿಂದಲೇ ಸ್ಥಳವನ್ನು ತಿಳಿಯುತ್ತದೆ. ಕೃತಕ ಉಪಗ್ರಹಗಳಲ್ಲಿರುವ ಪರಮಾಣು ಗಡಿಯಾರಗಳು ಸಂಕೇತಗಳನ್ನು ಕಳುಹಿಸುತ್ತವೆ. ಸಂಕೇತವು ಬರಲು ಹಿಡಿದ ಹೊತ್ತಿನಿಂದ ಫೋನು ದೂರವನ್ನು ಗುಣಿಸುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ತಪ್ಪಿದರೆ ದೂರದಲ್ಲಿ 300 ಮೀಟರು ತಪ್ಪುವುದು. ಕನಿಷ್ಠ ನಾಲ್ಕು ಉಪಗ್ರಹಗಳು ಒಮ್ಮೆಲೆ ಕಾಣಬೇಕು: ಮೂರು ಸ್ಥಳಕ್ಕಾಗಿ, ನಾಲ್ಕನೆಯದು ಫೋನಿನ ಗಡಿಯಾರದ ತಪ್ಪನ್ನು ತಿದ್ದುವುದಕ್ಕಾಗಿ.

ಈ ಏರ್ಪಾಡುಗಳಲ್ಲಿ ಎರಡು ಬಗೆ. ಅಮೆರಿಕದ ಜಿ.ಪಿ.ಎಸ್. ಜಗತ್ತಿಗೆಲ್ಲ ಸಲ್ಲುವುದು. ಅದರ ಉಪಗ್ರಹಗಳು ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ದಿನಕ್ಕೆ ಎರಡು ಬಾರಿ ಭೂಮಿಯನ್ನು ಸುತ್ತುತ್ತವೆ. ಒಂದು ಮುಳುಗಿದಂತೆ ಮತ್ತೊಂದು ಮೂಡಬೇಕಾದುದರಿಂದ ಕನಿಷ್ಠ 24 ಬೇಕು. ರಷ್ಯಾ, ಯೂರೋಪು, ಚೀನಾಗಳಿಗೂ ಇಂತಹ ಜಾಗತಿಕ ಏರ್ಪಾಡುಗಳಿವೆ. ಚೀನಾದೇಶವು ಮೊದಲು ತನ್ನ ಪ್ರದೇಶಕ್ಕಷ್ಟೇ ಆರಂಭಿಸಿ 2020ರಲ್ಲಿ ಜಗತ್ತಿಗೆ ಹಬ್ಬಿಸಿತು. ನಮ್ಮ ಭಾರತದ ನಾವಿಕ್ ಪ್ರಾದೇಶಿಕವಾದುದು. ಭಾರತಕ್ಕೂ ಅದರ ಸುತ್ತಣ 1,500 ಕಿಲೋಮೀಟರಿಗೂ ಉದ್ದೇಶಿಸಿದುದು. ಏಳೇ ಉಪಗ್ರಹಗಳ ಯೋಜನೆ. ಅವು ಸುಮಾರು 36,000 ಕಿಲೋಮೀಟರು ಎತ್ತರದಲ್ಲಿ ಭೂಮಿಯ ತಿರುಗುವಿಕೆಗೆ ಹೆಜ್ಜೆ ಹೊಂದಿಸಿ ನಡೆಯುವುದರಿಂದ ನಮ್ಮ ನೆತ್ತಿಯ ಸೀಮೆಯನ್ನು ಬಿಟ್ಟು ಹೋಗುವುದಿಲ್ಲ. ಮೂರು ನಿಂತಲ್ಲಿಯೇ ನಿಂತಂತಿರಬೇಕು. ನಾಲ್ಕು ಆಕಾಶದಲ್ಲಿ 8ರ ಅಂಕಿಯನ್ನು ಬರೆಯುತ್ತಿರಬೇಕು. ಅದರ ಲೆಕ್ಕಾಚಾರದ ಕೇಂದ್ರವು 2013ರಲ್ಲಿ ನಮ್ಮ ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿ ಆರಂಭವಾಯಿತು; ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ ಹಾಸನದಲ್ಲಿದೆ.

ಸಿದ್ಧವಾದ ಜಾಗತಿಕ ಏರ್ಪಾಡಿರುವಾಗ ಸ್ವಂತದ್ದೇಕೆ? 2000ದ ಮೇ ತಿಂಗಳವರೆಗೆ ಅಮೆರಿಕದವರು ಸಾರ್ವಜನಿಕರಿಗೆ ಕೊಡುತ್ತಿದ್ದ ಸಂಕೇತದಲ್ಲಿ ಬೇಕೆಂದೇ ತಪ್ಪನ್ನು ಬೆರೆಸುತ್ತಿದ್ದರು. ಸ್ಥಾನವು 100 ಮೀಟರಿನವರೆಗೆ ಜಾರುತ್ತಿತ್ತು. ಪರರ ಗಡಿಯಾರವು ಪರರ ಇಚ್ಛೆಯಂತೆ ನಡೆಯುವುದು. ಹಾಗೆಂದು ಸ್ವಂತದ್ದೆಂಬ ಮಾತ್ರಕ್ಕೆ ಅದು ನಿರ್ದೋಷವೂ ಅಲ್ಲ. ನಾವಿಕ್‌ನ ಮೊದಲ ಉಪಗ್ರಹಗಳಲ್ಲಿ ಹೊರನಾಡಿನಿಂದ ತರಿಸಿದ ಪರಮಾಣು ಗಡಿಯಾರಗಳು ಕೆಟ್ಟವು. 2023ರಲ್ಲಿ ಹಾರಿಸಿದ ಉಪಗ್ರಹದಲ್ಲಿ ನಮ್ಮವರೇ ಮಾಡಿದ ಗಡಿಯಾರವಿದ್ದಿತು. 2025ರ ಜನವರಿಯಲ್ಲಿ ಹಾರಿಸಿದುದು ಉದ್ದೇಶಿತ ಕಕ್ಷೆಯನ್ನು ಸೇರಲಿಲ್ಲ. ಆ ವರ್ಷದ ನಡುವಿನ ಹೊತ್ತಿಗೆ ಸ್ಥಾನವನ್ನು ತಿಳಿಸಲು ಒದಗುತ್ತಿದ್ದ ಉಪಗ್ರಹಗಳು ನಾಲ್ಕೇ. ಹೆಚ್ಚು ಉಪಗ್ರಹಗಳಿರುವೆಡೆ ಒಂದು ಕೆಟ್ಟರೆ ಸುಧಾರಿಸಿಕೊಳ್ಳಬಹುದು. ಏಳರಲ್ಲಿ ಒಂದು ಕೆಟ್ಟರೆ ಕೊರತೆ ಎದ್ದು ಕಾಣುವುದು. ಆದುದರಿಂದಲೇ ಎರಡನ್ನೂ ಕೂಡಿಸಿ ತಾಳೆ ನೋಡುವ ಫೋನುಗಳು ಬಂದಿವೆ. ಜಯಸಿಂಹನು ಲಾ ಈರನ ಕೋಷ್ಟಕವನ್ನು ಕಲ್ಲಿನ ಯಂತ್ರದ ಎದುರಿಗಿಟ್ಟುದೂ ಇದನ್ನೇ ಅಲ್ಲವೇ!

ತನ್ನದಾದ ಅಳತೆಯಿಲ್ಲದವನು ಪರರ ಮಾತನ್ನು ಒಪ್ಪಬಲ್ಲನೇ ಹೊರತು ಪರೀಕ್ಷಿಸಲಾರನು. ತನ್ನ ಅಳತೆಯೊಂದೇ ಸಾಕೆಂದು ಕುಳಿತವನು ತನ್ನ ತಪ್ಪನ್ನು ಕಾಣಲಾರನು. ಜಯಸಿಂಹನು ಮೊದಲನೆಯದನ್ನು ಗೆದ್ದನು, ಎರಡನೆಯದನ್ನು ಅರ್ಧ ಗೆದ್ದನು. ಆಮೇಲೆ ಕೈ ನೀಡಿ ತೆಗೆದುಕೊಳ್ಳುವವರಿಲ್ಲದೆ ಎಲ್ಲವೂ ನಿಂತುಹೋಯಿತು. ಆ ಕೈ ನಿಮ್ಮದಾಗಲಿ.

ಬೇಸಗೆಯ ರಜೆಗೆ ನೀವು ಅಜ್ಜಿಯ ಊರಿಗೆ ಹೋಗುವಿರಷ್ಟೆ. ಹೋಗುವ ಮೊದಲು ಶಾಲೆಯ ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ, ನಡುಹಗಲಿನ ಅತಿ ಚಿಕ್ಕ ನೆರಳನ್ನು ಅಳೆದು ಬರೆದುಕೊಳ್ಳಿ. ದೆಹಲಿಯಲ್ಲಿ ಅದು ವರ್ಷವಿಡೀ ಉತ್ತರಕ್ಕೇ ಬೀಳುವುದು. ಜೂನ್ ತಿಂಗಳಲ್ಲಿ ಕರ್ನಾಟಕದ ಯಾವ ಊರಿನಲ್ಲಿದ್ದರೂ ಅಲ್ಲಿಯ ಅಂಗಳದಲ್ಲಿ ಹಾಗೆಯೇ ಮಾಡಿ. ನೆರಳು ದಕ್ಷಿಣಕ್ಕೆ ಬೀಳುವುದನ್ನು ನೋಡುವಿರಿ. ಕಾರಣವನ್ನು ಯೋಚಿಸಿ, ಎರಡು ಅಳತೆಗಳನ್ನೂ ತಂದು ನಮಗೆ ತೋರಿಸಿ. ಮುಂದಿನ ಸಂಚಿಕೆಯಲ್ಲಿ ಅವುಗಳನ್ನು ನಿಮ್ಮ ಹೆಸರಿನಲ್ಲಿ ಪ್ರಕಟಿಸುವೆವು.